ಸವೆತಕ್ಕೆ ಬಿಟ್ಟ ಜಾಗ

ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ನನ್ನ ಹಳೆಯ ಲೇತಿನ ಕ್ರಾಸ್ ಸ್ಲೈಡ್, ಅಂದರೆ ಉಳಿಯನ್ನು ಅಡ್ಡಕ್ಕೆ ಸರಿಸುವ ಭಾಗ, ಬಿಚ್ಚಿದ ದಿನ ಅದರೊಳಗೆ ಒಂದು ತಗಡಿನ ಚೂರು ಸಿಕ್ಕಿತು. ಬೆರಳಿನಷ್ಟು ಅಗಲ, ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದ. ಮೈತುಂಬ ಕಪ್ಪು ಗ್ರೀಸು ಮೆತ್ತಿಕೊಂಡಿತ್ತು. ಸೀಮೆಎಣ್ಣೆ ಹಚ್ಚಿ ಒರೆಸಿದೆ. ಒಂದು ಕಡೆ ಹಸಿರು ಬಣ್ಣ, ಅದರ ಮೇಲೆ ಹಳದಿ ಗೆರೆ ಕಂಡಿತು. ಯಾವುದೋ ಡಬ್ಬಿಯನ್ನು ಕತ್ತರಿಸಿ ಮಾಡಿದ ಪಟ್ಟಿ. ಸ್ಕ್ರೂ ಒತ್ತಿದ ಮೂರು ಗುಂಡನೆಯ ಗುರುತು ಅದರ ಮೇಲೆ ಸಾಲಾಗಿ ಇದ್ದವು. ಅಂಚಿನ ಮೇಲೆ ಬೆರಳಾಡಿಸಿದೆ, ಎಲ್ಲೂ ಚುಚ್ಚಲಿಲ್ಲ. ಯಂತ್ರದ ಹೊಟ್ಟೆಯೊಳಗೆ ಹೋಗುವ, ಯಾರ ಕಣ್ಣಿಗೂ ಬೀಳದ ತಗಡಿನ ಅಂಚನ್ನು ಯಾರೋ ಕೂತು ಅರ ಹಾಕಿ ನಯ ಮಾಡಿದ್ದರು.

ಆ ತಗಡು ಅಲ್ಲಿ ಯಾಕಿತ್ತು ಅಂತ ಹೇಳಬೇಕಾದರೆ ಗಿಬ್ ಅಂದರೇನು ಅಂತ ಹೇಳಬೇಕು. ಲೇತಿನ ಸ್ಲೈಡು ಅಂದರೆ ಒಂದರ ಮೇಲೊಂದು ಜಾರುವ ಎರಡು ಎರಕದ ಕಬ್ಬಿಣದ ತುಂಡುಗಳು. ಕೆಳಗಿನದರ ಬದಿಗಳು ಒಳಕ್ಕೆ ಓರೆಯಾಗಿರುತ್ತವೆ, ಮೇಲಿನದು ಅದನ್ನು ಅಪ್ಪಿಕೊಂಡು ಕೂರುತ್ತದೆ. ತೀರ ಬಿಗಿಯಾದರೆ ಜಾರುವುದಿಲ್ಲ. ಸಡಿಲವಾದರೆ ಕತ್ತರಿಸುವ ಉಳಿ ನಡುಗುತ್ತದೆ, ಕೆಲಸದ ಮೇಲೆ ಅಲೆಅಲೆಯಾಗಿ ಗುರುತು ಬೀಳುತ್ತದೆ. ಅದಕ್ಕೇ ಒಂದು ಬದಿಯಲ್ಲಿ ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಆ ಸಂದಿಗೆ ತೆಳ್ಳನೆಯ ಲೋಹದ ಪಟ್ಟಿಯೊಂದನ್ನು ಇಟ್ಟು, ಪಕ್ಕದಿಂದ ಮೂರು ಸ್ಕ್ರೂಗಳಲ್ಲಿ ಒತ್ತುತ್ತಾರೆ. ಆ ಪಟ್ಟಿಯೇ ಗಿಬ್. ವರ್ಷ ಕಳೆದ ಹಾಗೆ ಕಬ್ಬಿಣ ಸವೆಯುತ್ತದೆ, ಸಂದು ದೊಡ್ಡದಾಗುತ್ತದೆ. ಆಗ ಸ್ಕ್ರೂವನ್ನು ಒಂಚೂರು ತಿರುಗಿಸಿದರೆ ಆಯಿತು, ಗಿಬ್ ಮುಂದೆ ಬಂದು ಸಂದನ್ನು ತುಂಬುತ್ತದೆ.

ನನ್ನ ಲೇತಿನಲ್ಲಿ ಆ ಸ್ಕ್ರೂಗಳು ಪೂರ್ತಿ ಒಳಗೆ ಹೋಗಿಬಿಟ್ಟಿದ್ದವು. ಮೇಲಿನ ನಟ್ಟಿನಿಂದ ಹೊರಗೆ ಹಲ್ಲೇ ಉಳಿದಿರಲಿಲ್ಲ. ಹಿಂದಿನವರು ಗಿಬ್‌ಗೂ ಸ್ಕ್ರೂಗೂ ನಡುವೆ ಡಬ್ಬಿಯ ತಗಡು ಸೇರಿಸಿ ಇನ್ನಷ್ಟು ಕಾಲ ಕೆಲಸ ತೆಗೆದಿದ್ದರು.

ಆ ಸಂಜೆ ಕೆಲಸ ಮುಂದುವರಿಸಲು ಮನಸ್ಸಾಗಲಿಲ್ಲ. ತಗಡನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಲೇತು ಮಾಡಿದವರಿಗೆ ಇದು ಸವೆಯುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅದಕ್ಕೆ ಜಾಗ ಬಿಟ್ಟರು. ಆ ಜಾಗ ಮುಗಿದಾಗ ಬಳಸುತ್ತಿದ್ದವರು ತಾವೇ ಇನ್ನೊಂದಿಷ್ಟು ಮಾಡಿಕೊಂಡರು. ಅವತ್ತಿನಿಂದ ಯಾವ ಹಳೆಯ ಸಾಮಾನು ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ಸವೆತಕ್ಕೆ ಇವರು ಎಲ್ಲಿ ಜಾಗ ಬಿಟ್ಟಿದ್ದಾರೆ?

ಹುಡುಕಿದರೆ ಎಲ್ಲದರಲ್ಲೂ ಸಿಗುತ್ತದೆ. ಗರಗಸವನ್ನೇ ನೋಡಿ. ಹಲ್ಲು ಮೊಂಡಾದಾಗ ಮುಮ್ಮೂಲೆ ಅರ ಹಿಡಿದು ಮತ್ತೆ ಹರಿತ ಮಾಡಬೇಕು. ಪ್ರತಿ ಸಲವೂ ತಗಡಿನ ಅಗಲ ಒಂದೆಳೆ ಕಮ್ಮಿಯಾಗುತ್ತದೆ. ಹಳೆಯ ಗರಗಸಗಳ ತಗಡು ಅಷ್ಟು ಅಗಲ ಇರುವುದರಿಂದಲೇ ಹತ್ತಾರು ವರ್ಷ ಅರ ತಿಂದರೂ ಅವು ಉಳಿದಿರುತ್ತವೆ. ತುಂಬ ಕೆಲಸ ಮಾಡಿದ ಗರಗಸ ಪಕ್ಕದಿಂದ ನೋಡಿದರೆ ಸೊರಗಿದಂತೆ ಕಾಣುತ್ತದೆ. ಹಳೆಯ ಯಂತ್ರಗಳ ಬೇರಿಂಗನ್ನು ನೋಡಿ. ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವನು 1839ರಲ್ಲಿ ಒಂದು ಬೇರಿಂಗಿಗೆ ಪೇಟೆಂಟ್ ಪಡೆದ, ಅದರೊಳಗಿನ ಮಿಶ್ರಲೋಹಕ್ಕೆ ಇಂದಿಗೂ ಅವನದೇ ಹೆಸರು. ತವರ, ಆಂಟಿಮನಿ, ತಾಮ್ರ ಸೇರಿದ ಮೆತ್ತನೆಯ ಲೋಹ ಅದು. ಎರಡು ಹೋಳಾಗಿ ಮಾಡಿದ ಇಂಥ ಬೇರಿಂಗಿನ ನಡುವೆ ತೆಳ್ಳನೆಯ ತಗಡುಗಳನ್ನು ಪದರ ಪದರವಾಗಿ ಇಟ್ಟಿರುತ್ತಾರೆ. ಬೇರಿಂಗ್ ಸವೆದರೆ ಒಂದು ಪದರ ತೆಗೆದು ಮತ್ತೆ ಬಿಗಿದರೆ ಸಾಕು. ಇನ್ನು ತೆಗೆಯಲು ತಗಡೇ ಇಲ್ಲ ಅಂದಾಗ ಹಳೆಯ ಲೋಹ ಕರಗಿಸಿ ಹೊಸದಾಗಿ ಎರಕ ಹೊಯ್ಯುತ್ತಾರೆ. ಉಕ್ಕಿನ ದುಬಾರಿ ದಂಡ ಸವೆಯಬಾರದು, ಅದರ ಬದಲಿಗೆ ಅಗ್ಗದ ಮೆತ್ತನೆಯ ಲೋಹ ಸವೆಯಲಿ ಅನ್ನುವ ಲೆಕ್ಕ ಇದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಒಂದು ಕೀಸುಳಿ. ಮರದ ಮೈ ಕೀಸುವ ಕಬ್ಬಿಣದ ಕೀಸುಳಿ, ನಾಲ್ಕನೇ ನಂಬರಿನದು, ಎರಡು ಇಂಚು ಅಗಲದ ಅಲಗು. ಈ ನಮೂನೆಯ ಹಿಂದಿರುವುದು ಲೆನಾರ್ಡ್ ಬೇಲಿ ಎಂಬ ಅಮೆರಿಕದ ಕುಶಲಕರ್ಮಿಯ ಕೆಲಸ. ಅವನ ಪೇಟೆಂಟುಗಳನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು. ಇವತ್ತಿಗೂ ಲೋಹದ ಕೀಸುಳಿಗಳು ಬಹುಪಾಲು ಅದೇ ಅಚ್ಚಿನವು. ಅಲಗು 45 ಡಿಗ್ರಿ ಓರೆಯಲ್ಲಿ ಕೂರುತ್ತದೆ. ಹಿಂದಿರುವ ಹಿತ್ತಾಳೆಯ ಚಕ್ರ ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ಆ ಚಕ್ರಕ್ಕೆ ಇರುವುದು ಎಡಗೈ ಹಲ್ಲು, ಅಂದರೆ ಮಾಮೂಲಿ ಸ್ಕ್ರೂಗೆ ಉಲ್ಟಾ. ಗೊತ್ತಿಲ್ಲದವರು ಇದನ್ನು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡುತ್ತಾರೆ. ಎರಡು ಬದಿಯಲ್ಲೂ ಸಾಣೆಕಲ್ಲು ತಿರುಗುವ ಬೆಂಚ್ ಗ್ರೈಂಡರಿನ ಎಡಗಡೆಯ ನಟ್ಟೂ ಹೀಗೆಯೇ. ತಿರುಗುವ ರಭಸಕ್ಕೆ ನಟ್ಟು ತಾನೇ ಬಿಚ್ಚಿಕೊಳ್ಳದಿರಲಿ ಅಂತ ಹಲ್ಲನ್ನು ಉಲ್ಟಾ ಕೊರೆದಿರುತ್ತಾರೆ. ಕಚ್ಚಿಕೊಂಡ ನಟ್ಟಿಗೆ ಬಲ ಹಾಕುವ ಮೊದಲು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಕಾಯುವಾಗ ಅದು ಯಾವ ಕಡೆಗೆ ತಿರುಗಬೇಕು ಅಂತ ಯೋಚಿಸಿ.

ನನ್ನ ಕೈಗೆ ಬಂದಾಗ ಆ ಕೀಸುಳಿ ಕೆಂಪಗೆ ತುಕ್ಕು ಹಿಡಿದಿತ್ತು. ಹಿಂದಿನ ಹಿಡಿ ಒಡೆದು ಎರಡು ಹೋಳಾಗಿತ್ತು. ಆದರೆ ಬಿಚ್ಚಿ ನೋಡಿದಾಗ ಅಲಗು ಅರ್ಧಕ್ಕೆ ಬಂದಿತ್ತು. ಕೀಸುಳಿಯ ಅಲಗಿನ ನಡುವೆ ಉದ್ದನೆಯ ಸೀಳು ಇರುತ್ತದೆ. ತುದಿಯಿಂದ ಆ ಸೀಳಿನವರೆಗಿನ ಉಕ್ಕೇ ಅದರ ಆಯಸ್ಸು. ಒಂದೊಂದು ಸಲ ಸಾಣೆ ಹಿಡಿದಾಗ ಹೋಗುವುದು ಎಳೆಯಷ್ಟು. ಅಂಥದ್ದರಲ್ಲಿ ಅರ್ಧ ಮುಗಿದಿದೆ ಅಂದರೆ ಎಷ್ಟು ಬಾಗಿಲು, ಎಷ್ಟು ಮೇಜು, ಎಷ್ಟು ಸಂಜೆ! ತುಕ್ಕು ಹಿಡಿದಿದ್ದು ಕೆಲಸ ನಿಂತ ಮೇಲೆ. ಅಲಗು ಸವೆದಿದ್ದು ಕೆಲಸ ಮಾಡುತ್ತಿದ್ದಾಗ. ಎರಡನ್ನೂ ನಾವು ಹಳತಾಗಿದೆ ಅನ್ನುವ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಅಲ್ವಾ? ನನಗೆ ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ತುಕ್ಕನ್ನು ತೆಗೆಯಬೇಕು, ಸವೆತವನ್ನು ಓದಬೇಕು.

ಓದಿದರೆ ತುಂಬ ಗೊತ್ತಾಗುತ್ತದೆ. ಉಳಿ ಹೊತ್ತ ಭಾಗ ಓಡಾಡುವ ಲೇತಿನ ಉದ್ದನೆಯ ಹಾಸು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಜಾಸ್ತಿ ಕೆಲಸ ನಡೆಯುವುದು ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಹತ್ತಿರ, ಅಲ್ಲೇ ಸವೆತವೂ ಜಾಸ್ತಿ. ಉಳಿ ಹೊತ್ತ ಭಾಗವನ್ನು ಅಲ್ಲಿ ಸರಿಯಾಗಿ ಕೂರುವ ಹಾಗೆ ಬಿಗಿ ಮಾಡಿದರೆ ಇನ್ನೊಂದು ತುದಿಗೆ ಹೋದಾಗ ಅದು ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಲೇತೂ ಹಾಗೇ ಮಾಡಿತು. ಇದನ್ನು ಇಟ್ಟುಕೊಂಡಿದ್ದವರು ಉದ್ದನೆಯ ದಂಡಗಳನ್ನು ತಿರುಗಿಸಿದವರಲ್ಲ, ಸಣ್ಣ ಸಣ್ಣ ತುಂಡುಗಳ ಕೆಲಸ ಮಾಡಿದವರು ಅಂತ ಅದು ಹೇಳುತ್ತಿತ್ತು.

ತುಕ್ಕಿನ ಮಾತಿಗೆ ಬರುತ್ತೇನೆ. ಇಲ್ಲಿ ನನ್ನಿಂದ ಒಂದು ತಪ್ಪಾಗಿದೆ, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಶುರುವಿನ ದಿನಗಳಲ್ಲಿ ಒಂದು ಹಳೆಯ ಉಕ್ಕಿನ ಅಳತೆಪಟ್ಟಿ ಸಿಕ್ಕಿತ್ತು. ಒಂದಡಿ ಉದ್ದ, ಕೈಯಲ್ಲಿ ಹಿಡಿದರೆ ಹಗುರ, ಅಂಚು ನೇರ. ವಿನೆಗರಿನಲ್ಲಿ ನೆನೆಸಿದರೆ ತುಕ್ಕು ಬಿಡುತ್ತದೆ ಅಂತ ಕೇಳಿದ್ದೆ. ನೆನೆಸಿದೆ. ಬೇರೆ ಕೆಲಸದಲ್ಲಿ ಮುಳುಗಿ ನಾಲ್ಕು ದಿನ ಅತ್ತ ನೋಡಲೇ ಇಲ್ಲ. ತೆಗೆದಾಗ ತುಕ್ಕು ಹೋಗಿತ್ತು ನಿಜ. ಅದರ ಜೊತೆಗೆ ಸಣ್ಣ ಗೆರೆಗಳೂ ಹೋಗಿದ್ದವು. ಇಂಚಿನ ಅರವತ್ನಾಲ್ಕನೇ ಭಾಗದ ಗೆರೆಗಳಿದ್ದ ಜಾಗದಲ್ಲಿ ಬೂದುಬಣ್ಣದ ಒರಟು ಮೈ ಮಾತ್ರ ಇತ್ತು. ವಿನೆಗರಿನ ಹುಳಿಗೆ ತುಕ್ಕು ಯಾವುದು, ಉಕ್ಕು ಯಾವುದು ಅನ್ನುವ ಭೇದ ಇಲ್ಲ. ತುಕ್ಕು ಮುಗಿದ ಮೇಲೆ ಅದು ಉಕ್ಕಿಗೇ ಬಾಯಿ ಹಾಕುತ್ತದೆ. ಯಾರೋ ಅಷ್ಟು ನಿಖರವಾಗಿ ಕೊರೆದ ಗೆರೆಗಳು ನನ್ನ ಗಮನ ತಪ್ಪಿದ್ದಕ್ಕೆ ಅಳಿಸಿ ಹೋದವು. ಆ ಪಟ್ಟಿಯನ್ನು ಬಿಸಾಡಿಲ್ಲ. ಬೆಂಚಿನ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ, ಗೆರೆ ಇಲ್ಲದ ನೇರಪಟ್ಟಿಯಾಗಿ ಈಗಲೂ ಬಳಸುತ್ತೇನೆ.

ಈಗ ನಾನು ಮೊದಲು ಮಾಡುವುದು ನೆನೆಸದೆ ತೆಗೆಯುವ ಕೆಲಸ. ಸಮತಟ್ಟಾದ ಮೈ ಇದ್ದರೆ ಸ್ವಲ್ಪ ಎಣ್ಣೆ ಹಚ್ಚಿ ಬ್ಲೇಡನ್ನು ತೀರ ಮಲಗಿಸಿ ಹಿಡಿದು ಹೆರೆಯುತ್ತೇನೆ. ತುಕ್ಕು ಪುಡಿಯಾಗಿ ಎದ್ದು ಬರುತ್ತದೆ, ಕೆಳಗಿನ ಕಂದು ಮೈ ಹಾಗೇ ಉಳಿಯುತ್ತದೆ. ನೂರಕ್ಕೆ ಎಂಬತ್ತು ಸಾಮಾನುಗಳಿಗೆ ಇಷ್ಟೇ ಸಾಕು ಅಂತ ನನ್ನ ಅನುಭವ. ತುಕ್ಕು ದಪ್ಪಗೆ ಹೊಪ್ಪಳೆ ಎದ್ದಿದ್ದರೆ ವಿದ್ಯುತ್ತಿನ ದಾರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಕಾರಿನ ಬ್ಯಾಟರಿ ಚಾರ್ಜ್ ಮಾಡುವ 12 ವೋಲ್ಟಿನ ಹಳೆಯ ನಮೂನೆಯ ಚಾರ್ಜರು. ಅದರ ಋಣ ತಂತಿ ನಮ್ಮ ಸಾಮಾನಿಗೆ, ಧನ ತಂತಿ ಬೇಡವಾದ ಒಂದು ಕಬ್ಬಿಣದ ತುಂಡಿಗೆ. ಇದು ತಿರುಗುಮುರುಗಾದರೆ ನಮ್ಮ ಸಾಮಾನೇ ಕರಗುತ್ತದೆ, ಎರಡೆರಡು ಸಲ ನೋಡಿಕೊಳ್ಳಿ. ಎರಡೂ ಒಂದಕ್ಕೊಂದು ತಾಗಬಾರದು. ಕರೆಂಟು ಹರಿಯತೊಡಗಿದರೆ ಸಾಮಾನಿನ ಮೈಮೇಲೆಲ್ಲ ಸಣ್ಣ ಗುಳ್ಳೆ ಏಳುತ್ತವೆ, ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ಇದರ ಚೆಲುವೇನೆಂದರೆ, ಹುಳಿಯ ಹಾಗೆ ಇದು ಒಳ್ಳೆಯ ಉಕ್ಕನ್ನು ತಿನ್ನುವುದಿಲ್ಲ. ಆದರೆ ಆ ಗುಳ್ಳೆ ಹೈಡ್ರೋಜನ್. ಬಯಲಲ್ಲೇ ಮಾಡಬೇಕು, ಹತ್ತಿರ ಕಿಡಿ ಇರಬಾರದು, ಸ್ವಿಚ್ ಆರಿಸದೆ ಕೈ ಹಾಕಬಾರದು. ಇನ್ನೊಂದು ಮುಖ್ಯ ಮಾತು: ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು. ಅದರೊಳಗಿನ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಹೊರತೆಗೆದ ಸಾಮಾನನ್ನು ತೊಳೆದು ಆಗಿಂದಾಗಲೇ ಒಣಗಿಸಿ ಎಣ್ಣೆ ಹಚ್ಚಬೇಕು. ಫೋನು ಬಂತು ಅಂತ ಎದ್ದು ಹೋದರೆ ವಾಪಸ್ ಬರುವಷ್ಟರಲ್ಲಿ ಹೊಸ ತುಕ್ಕು ಕೂತಿರುತ್ತದೆ.

ಮರದ್ದು ಬೇರೆಯೇ ಲೋಕ. ನನ್ನ ಕೆಲಸದ ಬೆಂಚು ಮೂರಿಂಚು ದಪ್ಪದ ಹಲಗೆ. ಬಂದಾಗ ನಡುವೆ ತಗ್ಗು, ಒಂದು ಮೂಲೆ ಎದ್ದಿತ್ತು. ಎರಡು ನೇರ ಪಟ್ಟಿಗಳನ್ನು ಎರಡು ತುದಿಯಲ್ಲಿ ಅಡ್ಡ ಇಟ್ಟು, ಬಗ್ಗಿ ಒಂದರ ಮೇಲಿಂದ ಇನ್ನೊಂದನ್ನು ನೋಡಿದರೆ ಹಲಗೆ ಎಷ್ಟು ತಿರುಚಿದೆ ಅಂತ ಕಣ್ಣಿಗೇ ತಿಳಿಯುತ್ತದೆ. ಮೊದಲು ಮೂಲೆಯಿಂದ ಮೂಲೆಗೆ ಓರೆಯಾಗಿ ಕೀಸಿದೆ, ಆಮೇಲೆ ಉದ್ದಕ್ಕೆ. ಆ ಅರ್ಧ ಸವೆದ ಅಲಗಿನ ಕೀಸುಳಿಯಲ್ಲೇ. ಹೊರಮೈ ಕಪ್ಪಗಿದ್ದ ಹಲಗೆ ಒಳಗೆ ಜೇನಿನ ಬಣ್ಣಕ್ಕಿತ್ತು. ಬೆಂಚನ್ನು ಮೂರಿಂಚು ದಪ್ಪ ಯಾಕೆ ಮಾಡುತ್ತಾರೆ ಅಂತ ಆಗ ಅರ್ಥವಾಯಿತು. ಭಾರ ಬೇಕು ಅನ್ನುವುದು ಒಂದು. ಕೆಲವು ವರ್ಷಕ್ಕೊಮ್ಮೆ ಹೀಗೆ ಕೀಸಿದರೂ ಉಳಿಯಬೇಕಲ್ಲ, ಅದು ಇನ್ನೊಂದು.

ಬೆಂಚಿನ ಕಾಲುಗಳ ಅಡ್ಡಪಟ್ಟಿಗೆ ಅಂಟೇ ಇರಲಿಲ್ಲ. ಪಟ್ಟಿಯ ನಾಲಿಗೆ ಕಾಲಿನ ತೂತಿನಿಂದ ಆಚೆ ಬಂದು, ಆ ನಾಲಿಗೆಯ ತೂತಿನಲ್ಲಿ ಒಂದು ಬೆಣೆ ಕೂತಿತ್ತು, ಅಷ್ಟೇ. ಮರ ಒಣಗಿ ಕುಗ್ಗಿದಾಗ ಬೆಂಚು ಅಲುಗಾಡುತ್ತದೆ, ಆಗ ಬೆಣೆಗೆ ಕೊಡತಿಯಿಂದ ಒಂದೇಟು. ಎಷ್ಟು ಸರಳ! ಬೆಣೆಯ ತಲೆ ಏಟು ತಿಂದು ತಿಂದು ಅಣಬೆಯ ಹಾಗೆ ಅರಳಿತ್ತು. ಡ್ರಾಯರಿನ ಮೂಲೆಗಳಿಗೆ ಮಾತ್ರ ಪ್ರಾಣಿಯ ಚರ್ಮದಿಂದ ಮಾಡಿದ ಹಳೆಯ ಅಂಟು ಹಾಕಿದ್ದರು. ಈ ಅಂಟಿನ ಗುಣವೇ ವಿಶೇಷ. ಬಿಸಿನೀರು ಸೋಕಿದರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಹಳೆಯ ಅಂಟಿನ ಮೇಲೇ ಹೊಸದನ್ನು ಹಚ್ಚಿದರೆ ಎರಡೂ ಬೆರೆತು ಒಂದಾಗುತ್ತವೆ. ಬಿಳಿ ಅಂಟು ಹಾಗಲ್ಲ. ಒಮ್ಮೆ ಒಣಗಿದರೆ ಅದರ ಮೇಲೆ ಇನ್ನೊಂದು ಪದರ ಸರಿಯಾಗಿ ಹಿಡಿಯುವುದಿಲ್ಲ, ಪೂರ್ತಿ ಹೆರೆದು ತೆಗೆಯಬೇಕು. ಗಟ್ಟಿತನದಲ್ಲಿ ಹೊಸ ಅಂಟು ಏನೂ ಕಮ್ಮಿ ಇಲ್ಲ, ಒಪ್ಪುತ್ತೇನೆ. ಆದರೆ ಮುಂದೆ ಇದನ್ನು ಬಿಚ್ಚುವವರನ್ನು ಅದು ನೆನೆಯುವುದಿಲ್ಲ. ಹಳೆಯ ಪೀಠೋಪಕರಣಕ್ಕೆ ನಾನು ಹಳೆಯ ಅಂಟನ್ನೇ ಕಾಯಿಸಿ ಹಚ್ಚುತ್ತೇನೆ.

ಬೆಂಚಿಗೆ ಕೊನೆಗೆ ಅಗಸೆ ಎಣ್ಣೆ. ಇಲ್ಲಿ ಒಂದು ಮಾತು ತಪ್ಪದೆ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಮುದ್ದೆಯೊಳಗೆ ಆ ಕಾವು ಸೇರುತ್ತಾ ಹೋಗಿ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಹಾಗೆಯೇ ಹಳೆಯ ಯಂತ್ರಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅದನ್ನು ಒಣಗಿದ್ದಾಗ ಮರಳು ಕಾಗದದಲ್ಲಿ ಉಜ್ಜಿ ದೂಳೆಬ್ಬಿಸಬೇಡಿ. ಒದ್ದೆ ಮಾಡಿಕೊಂಡು, ಮೂಗಿಗೆ ಸರಿಯಾದ ಮಾಸ್ಕು ಹಾಕಿಕೊಂಡು ಮಾಡಿ, ಮಕ್ಕಳು ಹತ್ತಿರ ಇಲ್ಲದಿರಲಿ.

ಮೋಟರಿನ ಕೆಲಸದಲ್ಲಿ ನನಗೆ ಅಷ್ಟು ರುಚಿ ಇಲ್ಲ, ಬೇಗ ಮುಗಿಸುತ್ತೇನೆ. ಹಳೆಯ ತಂತಿಯ ಬಟ್ಟೆಯ ಹೊದಿಕೆ ಮುಟ್ಟಿದರೆ ಉದುರುತ್ತಿದ್ದರೆ ಅದನ್ನು ಉಳಿಸುವ ಆಸೆ ಬೇಡ, ಪೂರ್ತಿ ಬದಲಿಸಿ, ಅರ್ಥ್ ತಂತಿ ಕೊಡಿ. ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿರಬಹುದು. ಬೇರಿಂಗ್ ಹೋಗಿದ್ದರೆ ಅದರ ಬದಿಯ ನಂಬರು ಓದಿ. 6204 ಅಂತಿದ್ದರೆ ಕೊನೆಯ 04ನ್ನು ಐದರಿಂದ ಗುಣಿಸಿ: ಒಳಗಿನ ತೂತು 20 ಮಿಲಿಮೀಟರ್. 04ರಿಂದ ಮೇಲಕ್ಕೆ ಈ ಲೆಕ್ಕ ನಡೆಯುತ್ತದೆ. ಅದೆಷ್ಟೋ ವರ್ಷ ಹಳೆಯ ಮೋಟರಿಗೂ ಅದೇ ನಂಬರಿನ ಹೊಸ ಬೇರಿಂಗ್ ಇವತ್ತು ಸಲೀಸಾಗಿ ಕೂರುತ್ತದೆ. ಇತ್ತೀಚೆಗೆ ಒಂದು ಹೊಸ ಕೈ ಡ್ರಿಲ್ ಕೆಟ್ಟಾಗ ಬಿಚ್ಚಲು ಹೋದೆ. ಕವಚಕ್ಕೆ ಸ್ಕ್ರೂ ಇಲ್ಲ, ಕಾಯಿಸಿ ಬೆಸೆದಿದ್ದಾರೆ. ಒಳಗಿನ ಚಿಕ್ಕ ಬೇರಿಂಗೊಂದು ಹೋಗಿದ್ದಿರಬಹುದು, ನೋಡುವ ದಾರಿಯೇ ಇರಲಿಲ್ಲ. ಕೋಪಕ್ಕಿಂತ ಜಾಸ್ತಿ ಬೇಸರವಾಯಿತು. ಅದನ್ನು ಮಾಡಿದವರು ಯಾರಿಗೂ ಏನೂ ಬಿಟ್ಟಿರಲಿಲ್ಲ.

ಹೊಳಪಿನ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಹಳೆಯ ಲೇತಿನ ಹಾಸನ್ನು ಮರಳು ಕಾಗದದಲ್ಲಿ ಕನ್ನಡಿಯ ಹಾಗೆ ಉಜ್ಜುವವರನ್ನು ಕಂಡಿದ್ದೇನೆ. ನೋಡಲು ಚೆಂದವೇ. ಆದರೆ ಆ ಹಾಸಿನ ಬೆಲೆ ಇರುವುದು ಅದು ಎಷ್ಟು ನೇರ ಅನ್ನುವುದರಲ್ಲಿ. ಕೈಯಲ್ಲಿ ಕಾಗದ ಹಿಡಿದು ಉಜ್ಜಿದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಸಮತಟ್ಟಾದ ಮೈ ಅನ್ನುವುದು ಸುಲಭಕ್ಕೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಯಂತ್ರ ತಯಾರಕ ಹೆನ್ರಿ ಮೌಡ್ಸ್ಲೆಯ ಹತ್ತಿರ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಮೂರು ಫಲಕಗಳ ವಿಧಾನವನ್ನು ಜನರ ಮುಂದಿಟ್ಟ. ಎರಡೇ ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಚೆನ್ನಾಗಿ ಕೂರಬಹುದು. ಮೋಸ ತಿಳಿಯುವುದೇ ಇಲ್ಲ. ಮೂರನೆಯದು ಬಂದರೆ ಆ ಆಟ ನಡೆಯದು. ಮೂರೂ ಒಂದಕ್ಕೊಂದು ಹೊಂದಬೇಕಾದರೆ ಮೂರೂ ಸಮತಟ್ಟಾಗಿಯೇ ಇರಬೇಕು. ಬಣ್ಣ ಹಚ್ಚಿ ಎತ್ತರದ ಜಾಗ ಗುರುತಿಸಿ, ಅಷ್ಟನ್ನೇ ಹೆರೆದು, ಮತ್ತೆ ಬಣ್ಣ ಹಚ್ಚಿ, ಮತ್ತೆ ಹೆರೆದು. ನಮ್ಮ ಲೇತುಗಳ ಹಾಸು ಇಂಥ ತಾಳ್ಮೆಯ ಮೊಮ್ಮಗು. ಅದರ ಮೇಲಿನ ಕಂದು ಕಲೆ ಹಾಗೇ ಇರಲಿ ಬಿಡಿ, ಕೆಲಸಕ್ಕೆ ಏನೂ ಅಡ್ಡಿ ಇಲ್ಲ.

ಅದೇ ವಿಟ್‌ವರ್ತ್ 1841ರಲ್ಲಿ ಸ್ಕ್ರೂ ಹಲ್ಲಿಗೂ ಒಂದು ಏಕರೂಪದ ಅಳತೆ ಸೂಚಿಸಿದ. ಹಲ್ಲಿನ ಕೋನ 55 ಡಿಗ್ರಿ. ಇವತ್ತಿನ ಮೆಟ್ರಿಕ್ ಹಲ್ಲಿನದು 60. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಒಂದೆರಡು ಸುತ್ತು ಹೋಗುತ್ತವೆ ಕೂಡ. ಅಲ್ಲಿಂದ ಮುಂದೆ ಬಲ ಹಾಕಿದರೆ ಹಲ್ಲು ಹಾಳು. ವಿಟ್‌ವರ್ತ್ ಸ್ಪ್ಯಾನರುಗಳ ಮೇಲಿನ ಅಳತೆಯೂ ಗೊಂದಲ ಮಾಡುತ್ತದೆ. ಕಾಲು ಇಂಚು ಅಂತ ಬರೆದಿದ್ದರೆ ಬೋಲ್ಟಿನ ದಂಡ ಕಾಲು ಇಂಚು ಅಂತ ಅರ್ಥ, ಸ್ಪ್ಯಾನರಿನ ಬಾಯಿ ಅರ್ಧ ಇಂಚಿಗಿಂತ ತುಸು ದೊಡ್ಡದು. ನನ್ನ ಲೇತಿನ ಗಿಬ್ ಸ್ಕ್ರೂಗಳೂ ಇದೇ ಜಾತಿಯವು. ಇಂಚಿನ ಹದಿನಾರನೇ ಮೂರು ಭಾಗ ದಪ್ಪ, ಇಂಚಿಗೆ 24 ಹಲ್ಲು. ಅಂದರೆ ಒಂದು ಸುತ್ತಿಗೆ ಸುಮಾರು ಒಂದು ಮಿಲಿಮೀಟರ್ ಮುಂದೆ ಹೋಗುತ್ತವೆ.

ಹೊಸ ಗಿಬ್ ಮಾಡಲು ಮೂರು ಸಂಜೆ ಹಿಡಿಯಿತು. ಹಿತ್ತಾಳೆಯ ಪಟ್ಟಿ ತೆಗೆದುಕೊಂಡೆ, ಹಳೆಯದಕ್ಕಿಂತ ಒಂದು ಮಿಲಿಮೀಟರಿನಷ್ಟು ದಪ್ಪ. ಎರಡೂ ಅಂಚನ್ನು ಸ್ಲೈಡಿನ ಓರೆಗೆ ಸರಿಯಾಗಿ ಅರ ಹಾಕಿದೆ. ಕಬ್ಬಿಣದ ಮೈಗೆ ನೀಲಿ ಬಣ್ಣವನ್ನು ತೀರ ತೆಳ್ಳಗೆ ಸವರಿ ಪಟ್ಟಿಯನ್ನು ಒತ್ತಿ ಜಾರಿಸಿದೆ. ತೆಗೆದು ನೋಡಿದರೆ ಎರಡೇ ಕಡೆ ನೀಲಿ ಚುಕ್ಕೆ. ಅವನ್ನು ಹೆರೆದೆ. ಮತ್ತೆ ಬಣ್ಣ, ಈಗ ಐದು ಚುಕ್ಕೆ. ಮತ್ತೆ ಹೆರೆದೆ. ಮೂರನೇ ಸಂಜೆಯ ಹೊತ್ತಿಗೆ ಉದ್ದಕ್ಕೂ ಒತ್ತಾಗಿ ಚುಕ್ಕೆ ಬಿದ್ದವು. ತೊಳೆದು, ಎಣ್ಣೆ ಹಚ್ಚಿ, ಒಳಗೆ ಸೇರಿಸಿದೆ. ನಡುವಿನ ಸ್ಕ್ರೂವನ್ನು ಬಿಗಿ ಮಾಡಿ ಹಿಡಿಕೆ ತಿರುಗಿಸಿದೆ. ಆಮೇಲೆ ಆಚೆಯದು, ಈಚೆಯದು. ಸ್ಲೈಡು ಎಲ್ಲೂ ತಡೆಯದೆ, ಎಲ್ಲೂ ಕುಲುಕದೆ, ಒಂದೇ ತೂಕದಲ್ಲಿ ಕೊನೆಯವರೆಗೆ ಜಾರಿತು. ಹಿಡಿಕೆಯನ್ನು ಎಷ್ಟು ಸಲ ಹಿಂದೆ ಮುಂದೆ ತಿರುಗಿಸಿದೆನೋ ಲೆಕ್ಕವಿಲ್ಲ.

ಡಬ್ಬಿಯ ತಗಡನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಕಾಲು ಮಿಲಿಮೀಟರ್. ಸ್ಕ್ರೂವಿನ ಕಾಲು ಸುತ್ತು. ಅಷ್ಟರಲ್ಲೇ ಅವರು ಕೆಲಸ ನಡೆಸಿದ್ದರು. ಅದನ್ನು ಒಂದು ಕಾಗದದಲ್ಲಿ ಸುತ್ತಿ ಬೆಂಚಿನ ಡ್ರಾಯರಿನಲ್ಲಿ, ಹಳೆಯ ಗಿಬ್‌ನ ಜೊತೆಗೆ ಇಟ್ಟಿದ್ದೇನೆ. ಸ್ಕ್ರೂಗಳ ಮೇಲೆ ನಟ್ಟು ಹಾಕಿ ಬಿಗಿದೆ. ಮೂರೂ ಈಗ ನಟ್ಟಿನಿಂದ ಹೊರಗೆ, ಹೆಚ್ಚುಕಮ್ಮಿ ಒಂದು ಸುತ್ತಿನಷ್ಟು ಉಳಿದಿವೆ.